ಹಾಡನ್ನು ಬುಡದಿಂದ ಕೇಳಿ

ಪಕ್ಕದ ಮನೆಯ ಹುಡುಗಿ ಗಿಟಾರ್ ಹಿಡಿದು ಆರು ತಿಂಗಳಾಯಿತು. ಸಂಜೆ ನಾನು ಕನಕಾಂಬರಕ್ಕೆ ನೀರು ಹಾಕುವ ಹೊತ್ತಿಗೆ ಸರಿಯಾಗಿ ಅವರ ಜಗಲಿಯಲ್ಲಿ ತಂತಿ ಮೀಟುವ ಸದ್ದು ಶುರು. ನಡುವಿನ ಗೋಡೆ ಎದೆಮಟ್ಟದ್ದು. ಅವಳ ಬೆರಳು ಎಲ್ಲಿ ಕೂತಿತು, ಎಲ್ಲಿ ಜಾರಿತು, ಎಲ್ಲ ಕಾಣುತ್ತದೆ. ಮೊನ್ನೆ ಒಂದು ನೋಟ್‌ಬುಕ್ ತಂದು ಗೋಡೆಯ ಮೇಲಿಟ್ಟು, "ಆಂಟಿ, ಇಷ್ಟನ್ನೂ ಬಾಯಿಪಾಠ ಮಾಡ್ಕೊಂಡ್ ಬಾ ಅಂದಿದಾರೆ" ಅಂದಳು. ಪುಟದ ತುಂಬ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು. ಸಿ, ಡಿ ಮೈನರ್, ಇ ಮೈನರ್, ಎಫ್, ಜಿ, ಹೀಗೆ ಸಾಲುಸಾಲು. ಒಂದೊಂದರ ಪಕ್ಕ ಆರು ಗೆರೆ, ಗೆರೆಯ ಮೇಲೆ ಕಪ್ಪು ಚುಕ್ಕೆ. ಸರಳೆ ವರಸೆ ಕಲಿಯಲು ಬಂದ ಮಗುವಿನ ಕೈಗೆ ಎಪ್ಪತ್ತೆರಡು ಮೇಳಕರ್ತದ ಪಟ್ಟಿ ಕೊಟ್ಟು ಕಳಿಸಿದ ಹಾಗಿತ್ತು.

"ಇದನ್ನ ಮಡಚಿಡು. ನಿಂಗೆ ಯಾವ ಹಾಡು ಇಷ್ಟ ಹೇಳು" ಅಂದೆ.

ಅವಳು ಹೇಳಿದ ಹಾಡು ಬೀಟಲ್ಸ್‌ನವರ 'ಲೆಟ್ ಇಟ್ ಬಿ'. 1970ರದ್ದು. ಅವಳ ಅಪ್ಪನೂ ಆಗ ಹುಟ್ಟಿರಲಿಲ್ಲ. ನನಗಂತೂ ಕೈಯಲ್ಲಿದ್ದ ನೀರಿನ ಪೈಪು ಮರೆತೇ ಹೋಯಿತು. ಯಾಕೆಂದರೆ ನಾನು ಹಾರ್ಮನಿಯ ಅಕ್ಷರಾಭ್ಯಾಸ ಮಾಡಿದ್ದೂ ಅದೇ ಹಾಡಿನಲ್ಲಿ. ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸಿಕೊಂಡಿದ್ದವರಿಗೆ ಕಾರ್ಡ್ ಕಲಿಸುವವರು ಯಾರೂ ಇರಲಿಲ್ಲ. ಮನೆಯಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು, ಯಾರೋ ಕೊಟ್ಟ ಒಂದು ಕ್ಯಾಸೆಟ್ ಇತ್ತು. ಒಂದೇ ಸಾಲನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಕೊನೆಗೆ ಆ ಜಾಗದಲ್ಲಿ ಟೇಪು ನುಲಿದುಕೊಂಡು, ಹಾಡು ಅಲ್ಲಿಗೆ ಬಂದಾಗ ನೀರಿನೊಳಗಿಂದ ಕೇಳಿದ ಹಾಗೆ ಕೇಳಿಸುತ್ತಿತ್ತು. ಅಷ್ಟು ಹೊತ್ತಿಗೆ ನನಗೆ ಆ ಸಾಲಿನ ಗುಟ್ಟು ಸಿಕ್ಕಿತ್ತು.

ಗುಟ್ಟು ಇರುವುದು ಕೆಳಗೆ. ಅಂದರೆ ಬೇಸ್‌ನಲ್ಲಿ. ಹಾಡು ಕೇಳುವಾಗ ನಮ್ಮ ಕಿವಿ ತಾನಾಗಿ ಮೇಲಕ್ಕೆ ಹೋಗುತ್ತದೆ, ಹಾಡುವವರ ದನಿಗೆ, ಮಾತಿಗೆ. ಅದು ಸಹಜ. ಆದರೆ ಹಾಡು ಕಟ್ಟುವುದನ್ನು ಕಲಿಯಬೇಕು ಅನ್ನುವವರು ಒಂದು ಸಲವಾದರೂ ಮಾತನ್ನೂ ರಾಗವನ್ನೂ ಪಕ್ಕಕ್ಕಿಟ್ಟು, ತೀರಾ ತಳದಲ್ಲಿ ಗುಂಯ್‌ಗುಡುವ ಆ ಒಂದು ಸ್ವರದ ಹಿಂದೆ ಹೋಗಬೇಕು. ಅದನ್ನು ಬಾಯಲ್ಲಿ ಗುನುಗಬೇಕು. ಆಮೇಲೆ ಸ್ವರ ಹಾಕಬೇಕು. 'ಲೆಟ್ ಇಟ್ ಬಿ'ಯ ಮೊದಲ ಸಾಲಿನ ತಳಕ್ಕೆ ಸ್ವರ ಹಾಕಿದರೆ ಸಿಗುವುದು ಸ, ಪ, ದ, ಮ. ಎರಡನೆಯ ಸಾಲಿಗೆ ಮತ್ತೆ ಸ, ಪ, ಮ. ಆಮೇಲೆ ಪಿಯಾನೋದ ತಳ ಒಂದೊಂದೇ ಮೆಟ್ಟಿಲು ಇಳಿದು ಮನೆಗೆ ಬರುತ್ತದೆ: ಮ, ಗ, ರಿ, ಸ. ನಮ್ಮ ಮಕ್ಕಳು ಮೊದಲ ದಿನವೇ ಹೇಳುವ ಮ-ಗ-ರಿ-ಸ! ನನ್ನ ಟೇಪು ನುಲಿದದ್ದು ಈ ಜಾಗದಲ್ಲೇ.

ಹುಡುಗಿಗೆ ಗೋಡೆಯ ಮೇಲಿಂದಲೇ ಹೇಳಿಕೊಟ್ಟೆ. ಎಡಗೈಯ ಬೆರಳು ಹಾಗೇ ಇರಲಿ, ಬಲಗೈಯಲ್ಲಿ ದಪ್ಪ ತಂತಿಯನ್ನಷ್ಟೇ ಮೀಟು, ಬಾಯಲ್ಲಿ ಹಾಡು. ಎರಡು ದಿನ ಹಾಗೇ ಮಾಡಿದಳು. ಮೂರನೆಯ ದಿನ ಅವಳೇ, "ಆಂಟಿ, ಕೆಳಗಿನ ಸ್ವರ ಇಳಿಯೋವಾಗ ಮೇಲೆ ಹಾಡೋ ಮಾತೂ ಸಮಾಧಾನ ಆಗತ್ತೆ ಅಲ್ವಾ?" ಅಂದಳು. ಪಟ್ಟಿ ಬಾಯಿಪಾಠ ಮಾಡಿದ್ದರೆ ಈ ಮಾತು ಅವಳ ಬಾಯಲ್ಲಿ ಬರುತ್ತಿತ್ತೇ?

ತಳ ಹೀಗೆ ಸರಿಯುವುದು ನಮ್ಮ ಕಿವಿಗೆ ಯಾಕೆ ಹೊಸದು ಅಂದರೆ, ನಮ್ಮ ಸಂಗೀತದಲ್ಲಿ ನೆಲ ಕದಲುವುದಿಲ್ಲ. ತಂಬೂರಿ ಪ-ಸ-ಸ-ಸ ಅಂತ ವರ್ಣದಿಂದ ಮಂಗಳದವರೆಗೂ ಒಂದೇ ಮಾತು ಹೇಳಿಕೊಂಡಿರುತ್ತದೆ. ರಾಗವೆಲ್ಲ ಆ ನೆಲದ ಮೇಲಿನ ನಡಿಗೆ. ಗಾಂಧಾರ ಗಾಂಧಾರವಾಗುವುದೇ ಕೆಳಗೆ ಷಡ್ಜ ಅಲ್ಲಾಡದೆ ನಿಂತಿದೆ ಅಂತ. ಹಾರ್ಮನಿಯಲ್ಲಿ ಆ ನೆಲವನ್ನೇ ಕದಲಿಸುತ್ತಾರೆ. ಹಾಡುವವರು ನಿಂತ ಸ್ವರದಲ್ಲೇ ನಿಂತಿರಲಿ, ಕೆಳಗಿನ ನೆಲ ಸರಿದರೆ ಆ ಸ್ವರದ ಮುಖವೇ ಬೇರೆ.

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಈಗಲೇ ನೋಡಿ, ಐದು ನಿಮಿಷದ ಕೆಲಸ. ಬಿಳಿ ಒಂದನ್ನು ಷಡ್ಜ ಅಂದುಕೊಳ್ಳಿ. ಮನೆಯವರು ಯಾರಾದರೂ ಮೇಲಿನ ಷಡ್ಜವನ್ನು ಉಸಿರು ಬಿಡದೆ ಹಾಡಲಿ. ನೀವು ಕೆಳಗೆ ಸ-ಗ-ಪ ಮೂರನ್ನೂ ಒಟ್ಟಿಗೆ ಒತ್ತಿ. ಹಾಡುವ ಷಡ್ಜ ಸ್ವಂತ ಮನೆಯ ಹಜಾರದಲ್ಲಿ ಕೂತ ಹಾಗಿರುತ್ತದೆ. ಈಗ ಬೆರಳು ಬದಲಿಸಿ ಮ-ದ-ಸ ಒತ್ತಿ. ಷಡ್ಜ ಅದೇ, ಆದರೆ ಕಿಟಕಿ ಬಾಗಿಲು ತೆರೆದು ಗಾಳಿ ಬಂದ ಹಾಗಾಗುತ್ತದೆ. ಆಮೇಲೆ ದ-ಸ-ಗ ಒತ್ತಿ. ಅದೇ ಷಡ್ಜಕ್ಕೆ ಒಂದು ನೋವಿನ ಎಳೆ ಬಂದು ಸೇರಿಕೊಳ್ಳುತ್ತದೆ. ಹಾಡುವವರು ಏನೂ ಮಾಡಲಿಲ್ಲ, ನಿಂತಲ್ಲೇ ನಿಂತಿದ್ದಾರೆ. ಇದನ್ನು ಮೊದಲ ಸಲ ಮಾಡಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟೋ ವರ್ಷ ನುಡಿಸಿದ ಪೆಟ್ಟಿಗೆಯೊಳಗೆ ಇಷ್ಟು ದಿನ ಇನ್ನೊಂದು ವಾದ್ಯ ಮಲಗಿತ್ತು ಅನ್ನಿಸಿತು.

ಕಾರ್ಡ್ ಕಟ್ಟುವ ಲೆಕ್ಕ ಅಷ್ಟೇ. ಶಂಕರಾಭರಣದ ಏಳು ಸ್ವರದಲ್ಲಿ ಒಂದು ಬಿಟ್ಟು ಒಂದು ಹೆಕ್ಕಿಕೊಳ್ಳಿ. ಸ-ಗ-ಪ, ರಿ-ಮ-ದ, ಗ-ಪ-ನಿ, ಮ-ದ-ಸ, ಪ-ನಿ-ರಿ, ದ-ಸ-ಗ. ಇವುಗಳಲ್ಲಿ ಸ, ಮ, ಪ ಬುಡವಾಗಿರುವ ಮೂರು ಮೇಜರ್; ಅಲ್ಲಿ ಕಪ್ಪು ಬಿಳಿ ಎರಡೂ ಸೇರಿಸಿ ಎಣಿಸಿದರೆ ಬುಡದಿಂದ ನಡುವಿನ ಸ್ವರಕ್ಕೆ ನಾಲ್ಕು ಮನೆ, ಅಲ್ಲಿಂದ ಮೇಲಿನ ಸ್ವರಕ್ಕೆ ಮೂರು ಮನೆ. ರಿ, ಗ, ದ ಬುಡವಾಗಿರುವ ಮೂರು ಮೈನರ್; ಅಲ್ಲಿ ಮೊದಲು ಮೂರು ಮನೆ, ಆಮೇಲೆ ನಾಲ್ಕು. ನಮ್ಮ ಮಾತಿನಲ್ಲಿ ಹೇಳಿದರೆ ಒಂದರಲ್ಲಿ ಅಂತರ ಗಾಂಧಾರ, ಇನ್ನೊಂದರಲ್ಲಿ ಸಾಧಾರಣ ಗಾಂಧಾರ. ನಿಷಾದದ ಮೇಲೆ ಕಟ್ಟಿದ್ದು ಒಂದೇ ಇಕ್ಕಟ್ಟಿನದು, ಅದನ್ನು ಈಗಲೇ ಹಚ್ಚಿಕೊಳ್ಳಬೇಕಾಗಿಲ್ಲ. ಪ್ರಪಂಚದ ಅರ್ಧ ಜನಪ್ರಿಯ ಹಾಡು ಈ ಆರರ ಒಳಗೇ ಬದುಕಿಕೊಂಡಿದೆ.

ಆರೂ ಬೇಕಾಗಿಲ್ಲ ಅನ್ನುವುದಕ್ಕೆ ಬೆನ್ ಇ. ಕಿಂಗ್‌ನ 'ಸ್ಟ್ಯಾಂಡ್ ಬೈ ಮಿ' ಕೇಳಿ, 1961ರದ್ದು. ನಾಲ್ಕೇ ಕಾರ್ಡ್. ತಳದಲ್ಲಿ ಸ ಎರಡು ಅಳತೆ, ಅಂದರೆ ಎರಡು ಬಾರ್, ದ ಎರಡು, ಮ ಒಂದು, ಪ ಒಂದು, ಮತ್ತೆ ಸ ಎರಡು. ಎಂಟು ಅಳತೆಯ ಈ ಚಕ್ರ ಹಾಡು ಮುಗಿಯುವವರೆಗೂ ಒಂದಿಷ್ಟೂ ಬದಲಾಗುವುದಿಲ್ಲ. ಪಲ್ಲವಿಗೂ ಅದೇ, ಚರಣಕ್ಕೂ ಅದೇ. ಮೊದಲು ಬೇಸ್, ಆಮೇಲೆ ದನಿ, ಆಮೇಲೆ ಪಿಟೀಲುಗಳ ಗುಂಪು, ಹೀಗೆ ಹಾಡು ಬೆಳೆಯುವುದೆಲ್ಲ ಮೇಲ್ಗಡೆ. ತಳ ಮಾತ್ರ ಎತ್ತಿನಗಾಡಿಯ ಚಕ್ರದ ಹಾಗೆ ಉರುಳಿಕೊಂಡೇ ಇರುತ್ತದೆ. ಹಾಡು ಬರೆಯಲು ಹೊರಟವರು ಮೊದಲು ಕಲಿಯಬೇಕಾದ್ದು ಈ ಧೈರ್ಯವನ್ನು. ಹೊಸ ಕಾರ್ಡ್ ತುರುಕದೆ ಇರುವ ಧೈರ್ಯ.

ಇಲ್ಲಿ ಹುಡುಗಿಗೆ ಒಂದು ಅನುಮಾನ ಬಂತು. ಎಲ್ಲರೂ ಅದೇ ನಾಲ್ಕು ಕಾರ್ಡ್ ಹಾಕಿದರೆ ಎಲ್ಲ ಹಾಡೂ ಒಂದೇ ಆಗಿಬಿಡುವುದಿಲ್ಲವೇ, ಅದು ಕದ್ದ ಹಾಗಲ್ಲವೇ ಅಂತ. ಅವಳಿಗೆ ಎರಡು ಹಾಡು ಕೇಳಿಸಿದೆ. 'ಲೆಟ್ ಇಟ್ ಬಿ'ಯಲ್ಲಿ ತಳ ಸ-ಪ-ದ-ಮ ಅಂದೆನಲ್ಲ. ಬಾಬ್ ಮಾರ್ಲಿಯ 'ನೋ ವುಮನ್ ನೋ ಕ್ರೈ'ಯಲ್ಲಿ ಕಾರ್ಡ್‌ಗಳು ಅವೇ ನಾಲ್ಕು, ಅದೇ ಕ್ರಮದಲ್ಲಿ. ಆದರೆ ಎರಡನೆಯ ಕಾರ್ಡ್ ಬಂದಾಗ ತಳ ಪಂಚಮಕ್ಕೆ ಹಾರುವುದಿಲ್ಲ, ಅದೇ ಕಾರ್ಡಿನ ನಿಷಾದದ ಮೇಲೆ ಕಾಲಿಡುತ್ತದೆ. ಹಾಗಾಗಿ ಸ-ನಿ-ದ-ಮ. ಹಾರುವ ಬದಲು ಇಳಿಜಾರು. ಒಂದು ಹಾಡು ಪ್ರಾರ್ಥನೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಇನ್ನೊಂದು ಹೆಗಲ ಮೇಲೆ ಕೈಹಾಕಿ ಜೊತೆಗೆ ನಡೆಯುತ್ತದೆ. ಬದಲಾದದ್ದು ತಳದ ಒಂದು ಸ್ವರ. ನಮ್ಮಲ್ಲಿ ಮೋಹನದ ಐದೇ ಸ್ವರದಲ್ಲಿ ಎಷ್ಟು ಕೃತಿ, ಎಷ್ಟು ಭಾವಗೀತೆ, ಎಷ್ಟು ಸಿನಿಮಾ ಹಾಡು ಇಲ್ಲ? ಒಂದನ್ನು ಕೇಳಿ ಇನ್ನೊಂದು ಅಂದುಕೊಂಡವರು ಯಾರಿದ್ದಾರೆ?

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಎಡ್ ಶೀರನ್ ತನ್ನ 2014ರ 'ಥಿಂಕಿಂಗ್ ಔಟ್ ಲೌಡ್'ಗೆ ಮಾರ್ವಿನ್ ಗೇ ಹಾಡಿದ 1973ರ 'ಲೆಟ್ಸ್ ಗೆಟ್ ಇಟ್ ಆನ್'ನ ಕಾರ್ಡ್ ಸಾಲು ಕದ್ದ ಅಂತ ನ್ಯೂಯಾರ್ಕಿನಲ್ಲಿ ದಾವೆ ನಡೆಯಿತು. ಆತ ಸಾಕ್ಷಿ ಹೇಳುವಾಗ ಗಿಟಾರ್ ಹಿಡಿದು ನುಡಿಸಿ ತೋರಿಸಿದ. 2023ರ ಮೇ ತಿಂಗಳಲ್ಲಿ ಜ್ಯೂರಿ, ಕದ್ದಿಲ್ಲ ಅಂತ ತೀರ್ಪು ಕೊಟ್ಟಿತು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಸ್ವರದ ವಿಷಯ. ಎರಡು ಹಾಡಿನ ತಳವೂ ಸ-ಗ-ಮ-ಪ ಅಂತ ಏರುತ್ತದೆ. ಆದರೆ ಗೇ ಹಾಡಿನಲ್ಲಿ ಆ ಗಾಂಧಾರದ ಮೇಲೆ ಇರುವುದು ಗ-ಪ-ನಿ, ಅಂದರೆ ಮೈನರ್. ಶೀರನ್ ಹಾಡಿನಲ್ಲಿ ಗ-ಪ-ಸ, ಅಂದರೆ ಮನೆಯ ಕಾರ್ಡೇ, ಗಾಂಧಾರದ ಮೇಲೆ ಕೂತದ್ದು. ನಿಷಾದವೋ ಷಡ್ಜವೋ ಅನ್ನುವ ಒಂದೇ ಮನೆಯ ವ್ಯತ್ಯಾಸ. ದೊಡ್ಡ ದೊಡ್ಡ ವಕೀಲರು ಅದರ ಮೇಲೆ ವಾದ ಮಾಡಿದರು. ನಮ್ಮ ಹುಡುಗಿ ಗೋಡೆಗೆ ಒರಗಿ ಒಂದು ಬೆರಳು ಎತ್ತಿ ಇಳಿಸಿ ಅದನ್ನೇ ಕೇಳಿಸಿಕೊಂಡಳು. ಕಾರ್ಡ್ ಸಾಲು ಊರ ರಸ್ತೆಯ ಹಾಗೆ, ಎಲ್ಲರೂ ನಡೆಯಬಹುದು. ರಾಗ ಮತ್ತು ಮಾತು ಮಾತ್ರ ಅವರವರ ಸ್ವಂತದ್ದು, ಅದನ್ನು ಮುಟ್ಟಬಾರದು.

ತಳ ಹಿಡಿಯುವುದು ಅಭ್ಯಾಸವಾದ ಮೇಲೆ ಕಿವಿ ತಾನಾಗಿ ನಡುಮನೆಗೆ ಹತ್ತುತ್ತದೆ. ಅಲ್ಲಿಯೂ ಸ್ವರಗಳು ಸುಮ್ಮನೆ ಕೂತಿರುವುದಿಲ್ಲ. ಅದೇ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1969ರಲ್ಲಿ ಕೊಟ್ಟ 'ಸಮ್‌ಥಿಂಗ್' ಹಾಡಿನ ಮೊದಲ ಸಾಲು ನೋಡಿ. ಕಾರ್ಡ್ ಪುಸ್ತಕದಲ್ಲಿ ಅದನ್ನು ಸಿ, ಸಿ ಮೇಜರ್ ಸೆವೆನ್, ಸಿ ಸೆವೆನ್, ಎಫ್ ಅಂತ ಬರೆದಿರುತ್ತಾರೆ. ಓದಿದರೆ ಔಷಧಿ ಚೀಟಿಯ ಹಾಗೆ. ಸ್ವರ ಹಾಕಿ ನೋಡಿದರೆ ಅಲ್ಲಿ ನಡೆಯುತ್ತಿರುವುದು ಒಂದೇ ಸಂಗತಿ. ಸ-ಗ-ಪ ಹಾಗೇ ಇರುತ್ತದೆ. ಮೇಲಿನ ಷಡ್ಜ ಒಂದು ಮನೆ ಇಳಿದು ಕಾಕಲಿ ನಿಷಾದವಾಗುತ್ತದೆ. ಇನ್ನೊಂದು ಮನೆ ಇಳಿದು ಕೈಶಿಕಿ ನಿಷಾದ. ಮತ್ತೊಂದು ಮನೆ ಇಳಿದು ಚತುಶ್ರುತಿ ಧೈವತ. ಆ ಧೈವತ ಬಂದು ಮುಟ್ಟಿದಾಗ ಕೆಳಗೆ ಮ-ದ-ಸ ಸಿದ್ಧವಾಗಿ ಕಾಯುತ್ತಿರುತ್ತದೆ, ಅದರ ನಡುವಿನ ಸ್ವರವೇ ಈ ಧೈವತ. ಮಗುವನ್ನು ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ದಾಟಿಸಿದಷ್ಟು ಮೆತ್ತಗೆ. ಹ್ಯಾರಿಸನ್ ಇದಕ್ಕೆ ಮೂರು ವರ್ಷ ಮೊದಲು ಭಾರತಕ್ಕೆ ಬಂದು ರವಿಶಂಕರರ ಹತ್ತಿರ ಸಿತಾರ್ ಕಲಿತವನು. ಆ ಕಲಿಕೆಗೂ ಈ ಇಳಿಕೆಗೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ನನಗೆ ಅದು ಕೇಳಿಸುವುದು ಮಾತ್ರ ಸ್ವರವಾಗಿಯೇ.

ಬೀಟಲ್ಸ್ ಹುಡುಗರು ಹಾರ್ಮನಿ ಓದಿದವರಲ್ಲ, ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಅವರು ಕಲಿತದ್ದೂ ಇನ್ನೊಬ್ಬರ ಹಾಡು ನುಡಿಸಿ ನುಡಿಸಿಯೇ. ಲಿವರ್‌ಪೂಲಿನ ಇನ್ನೊಂದು ತುದಿಯಲ್ಲಿ ಯಾರಿಗೋ ಬಿ ಸೆವೆನ್ ಎಂಬ ಕಾರ್ಡ್ ಗೊತ್ತಂತೆ ಅಂತ ಸುದ್ದಿ ಕೇಳಿ, ಬಸ್ಸು ಹತ್ತಿ ಹೋಗಿ ಕಲಿತು ಬಂದದ್ದನ್ನು ಪಾಲ್ ಮೆಕಾರ್ಟ್ನಿ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಇ ಶ್ರುತಿಯಲ್ಲಿ ನುಡಿಸುವವರಿಗೆ ಅದು ಪಂಚಮದ ಕಾರ್ಡ್. ಸ ಗೊತ್ತು, ಮ ಗೊತ್ತು, ಪ ಗೊತ್ತಿಲ್ಲ ಅಂದರೆ ಮನೆಯಿಂದ ಹೊರಟವರಿಗೆ ವಾಪಸು ಬರುವ ದಾರಿಯೇ ಇಲ್ಲ! ಒಂದು ಕಾರ್ಡಿಗಾಗಿ ಊರು ದಾಟಿ ಹೋದ ಆ ಹುಡುಗರನ್ನು ನೆನೆದರೆ, ಒಂದು ವರ್ಣದ ಪಾಠಕ್ಕಾಗಿ ಹತ್ತು ಮೈಲಿ ಸೈಕಲ್ ತುಳಿದ ನಮ್ಮ ಹಿರಿಯರೇ ಕಣ್ಣ ಮುಂದೆ ಬರುತ್ತಾರೆ.

ಅದೇ ಮೆಕಾರ್ಟ್ನಿಯ 'ಯೆಸ್ಟರ್‌ಡೇ', 1965ರದ್ದು. ಒಂದು ಗಿಟಾರ್, ನಾಲ್ಕು ಜನರ ತಂತಿವಾದ್ಯ, ಎರಡು ನಿಮಿಷ ಚಿಲ್ಲರೆ. ಅದನ್ನು ಬಿಡಿಸಿ ನೋಡಲು ನಾನು ತೆಗೆದುಕೊಂಡದ್ದು ಒಂದು ಮಳೆಗಾಲ. ಮೊದಲ ಕಾರ್ಡ್ ಎಫ್, ಮೇಜರ್, ಮನೆಯದು. ಅಲ್ಲಿ ಕೂರುವುದಕ್ಕೂ ಬಿಡದೆ ಹಾಡು ಎದ್ದು ಡಿ ಮೈನರ್ ಕಡೆಗೆ ಹೊರಟುಬಿಡುತ್ತದೆ. ಈ ಡಿಯನ್ನೇ ಷಡ್ಜ ಅಂದುಕೊಂಡು ರಾಗ ಕೇಳಿ. ಗ್ರಹಭೇದ ಮಾಡಿದ ಹಾಗೆ. ಏರುವಾಗ ಪ, ಚತುಶ್ರುತಿ ದ, ಕಾಕಲಿ ನಿ, ಸ, ರಿ, ಸಾಧಾರಣ ಗ. ಗೌರಿಮನೋಹರಿ! ಮುಂದಿನ ಸಾಲಿನಲ್ಲಿ ಇಳಿಯುವಾಗ ಸ, ಕೈಶಿಕಿ ನಿ, ಶುದ್ಧ ದ, ಪ, ಮ. ನಟಭೈರವಿ! ನಮ್ಮ ಭೈರವಿಯಲ್ಲಿ ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ ಬರುವುದಿಲ್ಲವೇ, ಆ ಜಾಣ್ಮೆಯ ದೂರದ ನೆಂಟ ಇದು.

ಏರುವಾಗ ಕಾಕಲಿ ನಿಷಾದ ಯಾಕೆ ಬೇಕಾಯಿತು ಅನ್ನುವುದರಲ್ಲಿ ಹಾರ್ಮನಿಯ ಅರ್ಧ ಪಾಠ ಇದೆ. ನಟಭೈರವಿಯಲ್ಲಿ ಪಂಚಮದ ಮೇಲೆ ಕಾರ್ಡ್ ಕಟ್ಟಿದರೆ ಪ, ಕೈಶಿಕಿ ನಿ, ರಿ. ಅದು ಮೈನರ್. ಅದು ಷಡ್ಜಕ್ಕೆ ಹೋದರೂ ಸರಿ, ಹೋಗದಿದ್ದರೂ ಸರಿ ಅನ್ನುವ ಹಾಗೆ ಇರುತ್ತದೆ. ನಿಷಾದವನ್ನು ಒಂದು ಮನೆ ಮೇಲೆತ್ತಿ ಕಾಕಲಿ ಮಾಡಿ. ಕಾರ್ಡ್ ಮೇಜರ್ ಆಯಿತು, ನಿಷಾದ ಷಡ್ಜದ ಹೊಸಿಲಿಗೆ ಬಂದು ನಿಂತಿತು, ಇನ್ನು ಒಳಗೆ ಕಾಲಿಡದೆ ಇರಲು ಅದಕ್ಕೆ ಆಗುವುದಿಲ್ಲ. ಕೀರವಾಣಿ ನುಡಿಸುವವರಿಗೆ ಈ ಸೆಳೆತ ಬೆರಳಿಗೇ ಗೊತ್ತು. 'ಯೆಸ್ಟರ್‌ಡೇ'ಯಲ್ಲಿ ಎ ಸೆವೆನ್ ಅನ್ನುವ ಕಾರ್ಡ್ ಮಾಡುವ ಕೆಲಸ ಇದೇ. ನಿನ್ನೆಯನ್ನು ನೆನೆದು ಅಳುವ ಹಾಡು ಮನೆಯಲ್ಲಿ ಒಂದು ಕ್ಷಣವೂ ನಿಲ್ಲಲಾರದೆ ಮೈನರ್‌ಗೆ ಎಳೆದುಕೊಂಡು ಹೋಗುತ್ತದಲ್ಲ, ಅದು ಮಾತಿನಿಂದ ಆದದ್ದಲ್ಲ. ಇನ್ನೊಂದು ಸೂಕ್ಷ್ಮ: ಸಾಮಾನ್ಯವಾಗಿ ಇಂಥ ಹಾಡಿನ ಚರಣ ಎಂಟು ಅಳತೆ ಇರುತ್ತದೆ, ಇದರದ್ದು ಏಳೇ. ಒಂದು ಅಳತೆ ಕಡಿಮೆ. ಲೆಕ್ಕ ಹಾಕುವವರೆಗೂ ಯಾರಿಗೂ ತಿಳಿಯುವುದಿಲ್ಲ. ಏನೋ ಒಂದು ಬೇಗ ಮುಗಿದುಹೋಯಿತು ಅನ್ನಿಸುವುದು ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಈ ಹಾಡಿನ ರಾಗ ಮೆಕಾರ್ಟ್ನಿಗೆ ನಿದ್ದೆಯಿಂದ ಏಳುವಾಗ ಬಂದದ್ದಂತೆ. ಮಾತು ಇರಲಿಲ್ಲ. ರಾಗ ಮರೆಯದಿರಲಿ ಅಂತ 'ಸ್ಕ್ರ್ಯಾಂಬಲ್ಡ್ ಎಗ್ಸ್' ಅಂತ ಹಾಡಿಕೊಂಡು ತಿಂಗಳುಗಟ್ಟಲೆ ಓಡಾಡಿದ. ಮೊಟ್ಟೆಯ ಬುರ್ಜಿ! ಇದನ್ನು ಹೇಳಿದ್ದೇ ತಡ, ಹುಡುಗಿ ತನ್ನ ರಾಗಕ್ಕೆ 'ಮಜ್ಜಿಗೆ' ಅಂತ ಹಾಕಿಕೊಂಡು ಹಾಡತೊಡಗಿದಳು. ಒಳ್ಳೆಯದೇ ಆಯಿತು. ನಮ್ಮ ಸಿನಿಮಾದವರೂ ಮಟ್ಟು ಮೊದಲು, ಮಾತು ಆಮೇಲೆ ಅಂತ ಎಷ್ಟೋ ಸಲ ಕೆಲಸ ಮಾಡುವುದು ಹೀಗೆಯೇ; ತನನ ಅಂತಲೋ ಬಾಯಿಗೆ ಬಂದದ್ದನ್ನೋ ಹಾಕಿ ಕೊಡುತ್ತಾರೆ, ಕವಿಗಳು ಅದರ ಗುರು-ಲಘು ನೋಡಿ ಮಾತು ಕೂರಿಸುತ್ತಾರೆ. ಕನ್ನಡಕ್ಕೆ ಇಲ್ಲೊಂದು ಅನುಕೂಲ ಇದೆ. ನಮ್ಮ ಮಾತು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತದೆ, ಮನೆ, ಮರ, ಹಾಡು, ನದಿ ಅಂತ. ಸಾಲಿನ ಕೊನೆಯ ಉದ್ದದ ಸ್ವರವನ್ನು ಎಷ್ಟು ಬೇಕಾದರೂ ಎಳೆಯಬಹುದು, ಬಾಯಿ ಮುಚ್ಚಿಕೊಳ್ಳುವುದಿಲ್ಲ. ಆದರೆ ಮಾತಿನ ನಡುವಿನ ಹ್ರಸ್ವವನ್ನು ದೀರ್ಘ ಮಾಡಿ ಎಳೆದರೆ ಕಿವಿಗೆ ಕಲ್ಲು ಸಿಕ್ಕ ಹಾಗೆ. ಒತ್ತಕ್ಷರಕ್ಕೆ ತಾಳದ ಪೆಟ್ಟು ಬಿದ್ದರೆ ಚೆನ್ನ, ಪೆಟ್ಟು ತಪ್ಪಿದರೆ ಮಾತು ಎಡವುತ್ತದೆ. ಇದನ್ನು ಕಲಿಯಲು 1987ರ 'ಪ್ರೇಮಲೋಕ' ಸಾಕು. ಅದರಲ್ಲಿ ಮಾತೂ ಮಟ್ಟೂ ಎರಡೂ ಹಂಸಲೇಖ ಅವರದೇ. ಯಾವುದು ಮೊದಲು ಹುಟ್ಟಿತು ಅಂತ ಬೇರ್ಪಡಿಸಲು ಆಗದ ಹಾಗೆ ಒಂದಕ್ಕೊಂದು ಹೊಲಿದುಕೊಂಡಿವೆ.

ಇನ್ನು ತಳದ ವಿಷಯಕ್ಕೆ ಬಂದರೆ ನಮ್ಮ ಕಡೆ ಇಳಯರಾಜರನ್ನು ಬಿಟ್ಟು ಮಾತಾಡುವುದು ಹೇಗೆ? ಅವರು ಸ್ವಂತ ಚಿತ್ರಗಳಿಗೆ ಕೈಹಾಕುವ ಮೊದಲು ನಮ್ಮ ಜಿ. ಕೆ. ವೆಂಕಟೇಶರಿಗೆ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಲ್ಲಿ ದುಡಿದವರು. ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಲಿಪಿ, ಹಾರ್ಮನಿ ಕಲಿತದ್ದೂ ಆ ಕಾಲದಲ್ಲೇ. ವೆಂಕಟೇಶರ ವಾದ್ಯದವರಿಗೆ ಬಿಡುವು ಸಿಕ್ಕಾಗ ತಾವು ಬರೆದದ್ದನ್ನು ಅವರ ಕೈಯಲ್ಲಿ ನುಡಿಸಿ ಕೇಳುತ್ತಿದ್ದರಂತೆ. ಕಲಿಯುವ ಹಸಿವು ಅಂದರೆ ಅದು. ಅವರೇ ಸಂಗೀತ ಕೊಟ್ಟ 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಗಳ ಹಾಡುಗಳು ಕನ್ನಡದ ಮನೆಮನೆಯಲ್ಲಿ ಇವೆ. ಅವನ್ನು ಒಮ್ಮೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಬರಿಯ ಬೇಸ್ ಗಿಟಾರಿನ ಹಿಂದೆ ಹೋಗಿ ಕೇಳಿ. ತಳ ಅಲ್ಲಿ ತಾಳ ಹಾಕಿಕೊಂಡು ಕೂತಿರುವುದಿಲ್ಲ, ಮೇಲಿನ ಹಾಡಿಗೆ ಉತ್ತರ ಕೊಡುತ್ತ ತಾನೇ ಇನ್ನೊಂದು ಹಾಡು ಹಾಡುತ್ತಿರುತ್ತದೆ. ಮೇಲಿನದು ಏರಿದಾಗ ಇದು ಇಳಿಯುತ್ತದೆ, ಮೇಲಿನದು ಉಸಿರೆಳೆದುಕೊಳ್ಳುವಾಗ ಇದು ಒಂದು ಮಾತು ಸೇರಿಸುತ್ತದೆ. ನಲವತ್ತು ವರ್ಷ ಕೇಳಿದ ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ಸಿಕ್ಕುವುದು ಅಂದರೆ ಹಳೆ ಮನೆಯ ನೆಲ ಅಗೆದಾಗ ತಂಬಿಗೆ ಸಿಕ್ಕ ಹಾಗೆ.

ಸಿನಿಮಾ ಹಾಡಿನಿಂದ ಸಂಗೀತ ಕಲಿಯಬಾರದು ಅನ್ನುವವರೂ ಇದ್ದಾರೆ. ನಾನೂ ಸ್ವಲ್ಪ ದಿನ ಹೋಗಿದ್ದ ಒಂದು ತರಗತಿಯಲ್ಲಿ ಹಾಗೇ ಹೇಳಿದರು, ನನಗೆ ಬೇಸರವಾಯಿತು, ಬಿಟ್ಟೆ. ಮುತ್ತುಸ್ವಾಮಿ ದೀಕ್ಷಿತರಿಗಿಂತ ದೊಡ್ಡವರು ಬೇಕೇ? ಅವರು ಕಂಪನಿ ಸರಕಾರದ ಬ್ಯಾಂಡಿನವರು ನುಡಿಸುತ್ತಿದ್ದ ಜನಪ್ರಿಯ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಕೂರಿಸಿದರು. ನೊಟ್ಟುಸ್ವರ ಅನ್ನುತ್ತೇವಲ್ಲ, ಅವೇ. ಶಂಕರಾಭರಣದ ಸ್ವರದಲ್ಲಿ, ಗಮಕವಿಲ್ಲದೆ ನೇರವಾಗಿ ಹಾಡುವಂಥವು. ಇಂಗ್ಲಿಷ್ ರಾಜಗೀತೆಯ ಮಟ್ಟಿಗೂ ಅವರು ಸಾಹಿತ್ಯ ಮಾಡಿದ್ದಾರೆ. ಅತ್ತ ಜರ್ಮನಿಯಲ್ಲಿ ಬಾಖ್ ಕೂಡ ವಿವಾಲ್ಡಿಯ ಕೃತಿಗಳನ್ನು ತನ್ನ ಆರ್ಗನ್ನಿಗೆ ಇಳಿಸಿಕೊಂಡವನೇ. ನಮ್ಮ ಮೈಸೂರಿನಲ್ಲಂತೂ ಜಯಚಾಮರಾಜ ಒಡೆಯರು ಒಂದು ಕಡೆ ಶ್ರೀವಿದ್ಯೆಯ ಕೃತಿಗಳನ್ನು ರಚಿಸುತ್ತ, ಇನ್ನೊಂದು ಕಡೆ ರಷ್ಯದ ಮೆಟ್ನರ್ ಎಂಬ ಪಿಯಾನೋ ರಚನಕಾರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಆತ ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. ಎರಡು ಸಂಗೀತ ಒಂದೇ ಮನೆಯಲ್ಲಿ ಇರಬಾರದು ಅನ್ನಲು ಈ ಊರಿನಲ್ಲಿ ನನಗಂತೂ ಬಾಯಿ ಬರುವುದಿಲ್ಲ.

ಹುಡುಗಿ ಈಗ ಸ್ವಂತ ಹಾಡು ಕಟ್ಟುತ್ತಿದ್ದಾಳೆ. ಅವಳಿಗೆ ನಾನು ಹೇಳಿದ ಕ್ರಮ ಒಂದೇ. ಮೆಚ್ಚಿದ ಹಾಡಿನ ತಳವನ್ನು ಮಾತ್ರ ಎತ್ತಿಕೋ, ಮೇಲಿನ ರಾಗವನ್ನು ಮರೆತುಬಿಡು, ನಿನ್ನದೇ ರಾಗ ಹಾಕು. ರಾಗ ಬಂದ ಮೇಲೆ ತಳವನ್ನೂ ಬದಲಿಸು. ಎರಡು ವಾರ ಹಳೆಯ ರಾಗ ಬೆನ್ನು ಬಿಡಲಿಲ್ಲ, ಎಲ್ಲಿ ಶುರುಮಾಡಿದರೂ ತಿರುಗಿ ಬೀಟಲ್ಸ್‌ಗೇ ಹೋಗುತ್ತಿತ್ತು. ಆಮೇಲೆ ಒಂದು ಸಂಜೆ ಮ-ಗ-ರಿ-ಸ ಇಳಿಯುವ ಜಾಗದಲ್ಲಿ ಅವಳ ದನಿ ಇಳಿಯದೆ ಮೇಲೆ ಪಂಚಮದಲ್ಲೇ ನಿಂತಿತು. ಕೆಳಗಿನ ನೆಲ ಮೆಟ್ಟಿಲು ಮೆಟ್ಟಿಲಾಗಿ ಸರಿದುಹೋಯಿತು, ಅವಳು ನಿಂತೇ ಇದ್ದಳು. ಅದು ಅವಳದು, ಬೇರೆ ಯಾರದ್ದೂ ಅಲ್ಲ. ನನ್ನ ಕೈಯ ನೀರು ಒಂದೇ ಗಿಡಕ್ಕೆ ಬಿದ್ದು ಮಡಿಯೆಲ್ಲ ಕೆಸರಾಯಿತು.

ನಿನ್ನೆ ಅವರ ಮನೆಗೆ ಹಳ್ಳಿಯಿಂದ ಅಜ್ಜಿ ಬಂದಿದ್ದರು. ಜಗಲಿಯ ಕಂಬಕ್ಕೆ ಒರಗಿ ಸೋಬಾನೆ ಹಾಡು ಹೇಳುತ್ತಿದ್ದರು, ನಾಲ್ಕೈದು ಸ್ವರದ ಒಳಗೇ ಸುತ್ತುವ ಹಳೆಯ ಮಟ್ಟು. ಹುಡುಗಿಗೆ ಈಗ ಯಾವ ಹಾಡು ಕೇಳಿದರೂ ಕಾರ್ಡ್ ಹಾಕುವ ಹುಮ್ಮಸ್ಸು. ಶ್ರುತಿ ಹಿಡಿದು ಮೇಜರ್ ಹಾಕಿದಳು, ಅಜ್ಜಿಯ ಗಾಂಧಾರ ಅದಕ್ಕೆ ಒಗ್ಗಲಿಲ್ಲ. ಮೈನರ್ ಹಾಕಿದಳು, ಅದಕ್ಕೂ ಒಗ್ಗಲಿಲ್ಲ. ನನ್ನ ಕಡೆ ನೋಡಿದಳು. ನಾನು ಪೆಟ್ಟಿಗೆ ತಂದು ಗೋಡೆಯ ಮೇಲಿಟ್ಟು ಎರಡು ಮನೆಯನ್ನೂ ಒತ್ತಿ ನೋಡಿದೆ. ಅಜ್ಜಿಯ ಗಾಂಧಾರ ಸಾಧಾರಣವೂ ಅಲ್ಲ, ಅಂತರವೂ ಅಲ್ಲ, ಎರಡರ ನಡುವೆ ಎಲ್ಲೋ ಕೂತಿತ್ತು. ನನ್ನ ಪೆಟ್ಟಿಗೆಯಲ್ಲೂ ಅದಕ್ಕೆ ಮನೆ ಇಲ್ಲ, ಅವಳ ಗಿಟಾರಿನಲ್ಲೂ ಇಲ್ಲ.

"ಗಾಂಧಾರ ಬಿಟ್ಬಿಡು, ಅದು ಅಜ್ಜಿಗೇ ಇರಲಿ" ಅಂದೆ.

ಅವಳು ಗಾಂಧಾರದ ಬೆರಳನ್ನು ಎತ್ತಿದಳು. ಬರಿಯ ಸ ಮತ್ತು ಪ ಉಳಿದವು. ಅವನ್ನೇ ಮೆಲ್ಲಗೆ ಮೀಟಿದಳು, ಹೆಚ್ಚುಕಡಿಮೆ ತಂಬೂರಿಯ ಹಾಗೆ. ಅಜ್ಜಿ ಕಣ್ಣು ತೆರೆಯದೆ ಎರಡನೆಯ ಸೊಲ್ಲು ಎತ್ತಿಕೊಂಡರು.